ಮನೆಯಲ್ಲೇ ಕಾಣೆಯಾದ ಸುಂದರಾ

ಸುಂದರಾ ಊರಲ್ಲಿಲ್ಲ ಎಂದು ಪೊಲೀಸರು ಬರೆದ ದಿನ ಸುಂದರಾ ಊರಲ್ಲೇ ಇದ್ದಳು. ಹೊನ್ನಂಬಿಯ ರಸ್ತೆಗೆ ಹತ್ತಿದ ಹೊಲದಲ್ಲಿ ಬಗ್ಗಿ ಕಬ್ಬು ಕಡಿಯುತ್ತಿದ್ದಳು. ಪೇದೆ ನಿಲೇಶ ಬೈಕು ನಿಲ್ಲಿಸಿ ಒಂದು ಕಬ್ಬು ಕೇಳಿದ. ಅವಳೇ ಒಂದು ರಸದ ಕಬ್ಬು ಆರಿಸಿ, ಎಲೆ ಸವರಿ, ತುಂಡು ಮಾಡಿ ಕೊಟ್ಟಳು. ಅವನು ಬೈಕಿನ ಮೇಲೆ ಕೂತೇ ತಿಂದ. ಸಿಪ್ಪೆ ಅಲ್ಲೇ ಉಗುಳಿದ. ಕೈಯನ್ನು ಪ್ಯಾಂಟಿಗೆ ಒರೆಸಿಕೊಂಡು ಠಾಣೆಗೆ ಹೋದ. ಹೋಗಿ ಬರೆದ: ಸಂತ್ರಸ್ತೆಯ ಮನೆಗೆ ಬೀಗ ಹಾಕಿದೆ. ಊರು ಬಿಟ್ಟು ಮಹಾರಾಷ್ಟ್ರಕ್ಕೆ ಹೋಗಿರುತ್ತಾಳೆಂದು ಎದುರು ಮನೆಯ ಕೆಂಚವ್ವ ತಿಳಿಸಿರುತ್ತಾಳೆ. ಸದರಿಯವಳು ಪತ್ತೆಯಾಗಿರುವುದಿಲ್ಲ.

ಆ ಮನೆಗೆ ಬೀಗವೇ ಇರಲಿಲ್ಲ. ಬಾಗಿಲಿಗೆ ಕಟ್ಟುತ್ತಿದ್ದದ್ದು ಒಂದು ಹಗ್ಗ. ಕದಿಯುವಂಥದ್ದು ಒಳಗೇನಿದೆ ಎಂದು ಸುಂದರಾ ಎಂದೂ ಬೀಗ ಕೊಂಡವಳಲ್ಲ.

ಸುಂದರಾಳ ಗಂಡ ತೀರಿಹೋಗಿ ಬಹಳ ವರ್ಷವಾಗಿತ್ತು. ಇದ್ದವಳೊಬ್ಬಳು ಮಗಳು, ಸಾರಿಕಾ. ಸುಗ್ಗಿ ಶುರುವಾದರೆ ಸುಂದರಾ ಬಾಳಾಸಾಬನ ಗ್ಯಾಂಗಿನಲ್ಲಿ ಕಬ್ಬು ಕಡಿಯಲು ಹೋಗುತ್ತಿದ್ದಳು. ಗ್ಯಾಂಗಿನ ಹೆಂಗಸರು ಅವಳ ಪಕ್ಕದ ಸಾಲು ಹಿಡಿಯಲು ಜಗಳಾಡುತ್ತಿದ್ದರು. ಅವಳ ಮಾತು ಕೇಳುತ್ತ ಕಡಿದರೆ ಬೆನ್ನುನೋವು ತಿಳಿಯುತ್ತಿರಲಿಲ್ಲ. ಆ ಮಾತೇ ಅವಳ ಕೈ ಮುರಿಸಿತು.

ಡಿಸೆಂಬರ್ ಆರು ಬಾಬಾಸಾಹೇಬರು ತೀರಿಕೊಂಡ ದಿನ. ಅಂದು ಸುಂದರಾಳ ಓಣಿಯವರು ಕೆಲಸಕ್ಕೆ ಹೋಗುವುದಿಲ್ಲ. ಮಿಂದು, ಬಿಳಿ ಉಟ್ಟು, ಬುದ್ಧವಿಹಾರದ ಮುಂದೆ ಮೇಣಬತ್ತಿ ಹಚ್ಚುತ್ತಾರೆ. ಆ ವರ್ಷ ಹಿಂದಿನ ದಿನ ಗ್ಯಾಂಗು ರಾವಸಾಹೇಬನ ಹೊಲದಲ್ಲಿತ್ತು. ನದಿಯವರೆಗೂ ಹೋಗುವ ಕಬ್ಬು ಅವನದು. ಐನಾಪುರದ ಕಡೆ ದ್ರಾಕ್ಷಿ ತೋಟವೂ ಇತ್ತು. ಹೊಲಕ್ಕೆ ಬರುತ್ತಿದ್ದವನು ಮಗ ರೋಹನ. ಕಾರ್ಖಾನೆಯ ಟ್ರ್ಯಾಕ್ಟರು ನಾಳೆಯೂ ಬರುತ್ತದೆ, ಎಲ್ಲರೂ ಬರಬೇಕು ಎಂದು ಅವನು ಹೇಳಿದ. ನಾಳೆ ನಾವು ಬರುವುದಿಲ್ಲ ಎಂದು ಸುಂದರಾ ಹೇಳಿದಳು. ಯಾಕೆ ಎಂದು ಕೇಳಿದ. ಕಾರಣ ಹೇಳಿದಳು.

"ಸತ್ತ ಎಷ್ಟ ವರ್ಷ ಆತು. ಇನ್ನೂ ಸೂತಕ ಮುಗಿದಿಲ್ಲೇನ ನಿಮ್ಮದು?" ಎಂದ ರೋಹನ.

"ನಿಮ್ಮಜ್ಜನ ತಿಥಿಗೆ ಟ್ರ್ಯಾಕ್ಟರ ನಿಲ್ಲತೈತಿ. ನಮ್ಮಪ್ಪನ ತಿಥಿಗೆ ನಿಲ್ಲಾಂಗಿಲ್ಲೇನ್ರಿ?" ಎಂದಳು ಸುಂದರಾ.

ಹೆಂಗಸರು ನಕ್ಕರು. ಅದೇ ತಪ್ಪಾಯಿತು. ರೋಹನ ಒಂದು ಕಬ್ಬು ಎಳೆದುಕೊಂಡ. ಜಾತಿ ಎತ್ತಿ ಬೈಯುತ್ತ ಬಾರಿಸಿದ. ಕಬ್ಬು ಮುರಿದಾಗ ಇನ್ನೊಂದು ಎಳೆದುಕೊಂಡ. ಅವಳು ಬಿದ್ದ ಮೇಲೆ ಎಡಗೈಯ ಮಣಿಕಟ್ಟಿನ ಮೇಲೆ ಬೂಟುಗಾಲಿಟ್ಟು ನಿಂತ. ಎಲುಬು ಮುರಿದ ಸದ್ದು ಎರಡು ಸಾಲು ಆಚೆ ಇದ್ದವರಿಗೂ ಕೇಳಿಸಿತು.

ಕಬ್ಬು ಕಡಿಯುವವರಿಗೆ ಬಲಗೈ ಕೊಯ್ತಾ, ಅಂದರೆ ಕಬ್ಬಿನ ಕತ್ತಿ, ಹಿಡಿಯುವ ಕೈ, ಎಡಗೈ ಕಬ್ಬು ಹಿಡಿಯುವ ಕೈ. ಒಂದಿಲ್ಲದೆ ಇನ್ನೊಂದು ಏನೂ ಅಲ್ಲ. ಪ್ಲಾಸ್ಟರು ಬಿಚ್ಚಿದ ಮೇಲೆ ಸುಂದರಾ ಮತ್ತೆ ಗ್ಯಾಂಗಿಗೆ ಬಂದಳು. ಆದರೆ ಹಿಡಿತ ಬರಲಿಲ್ಲ. ಕಬ್ಬು ಕೈಯಿಂದ ಜಾರುತ್ತಿತ್ತು. ಮೊಣಕೈಯಿಂದ ಒತ್ತಿ ಹಿಡಿದು ಕಡಿಯುವುದನ್ನು ಹೊಸದಾಗಿ ಕಲಿತಳು. ಕಂಕುಳವೆಲ್ಲ ಗೀರಿ ರಕ್ತ ಬರುತ್ತಿತ್ತು.

ಓಣಿಯವರು ಠಾಣೆಯ ಮುಂದೆ ಕೂತಿದ್ದರಿಂದ ಅಟ್ರಾಸಿಟಿ ಕೇಸು ದಾಖಲಾಗಿತ್ತು. ರೋಹನ ಜೈಲಿನಲ್ಲಿದ್ದ. ಇದ್ದಾನೆ ಎಂದೇ ಸುಂದರಾ ತಿಳಿದಿದ್ದಳು.

ಸಾರಿಕಾ ಚಿಕ್ಕೋಡಿಯಲ್ಲಿ ಪಾರಿಸನ ಫ್ಲೆಕ್ಸ್ ಅಂಗಡಿಯಲ್ಲಿ ಕೆಲಸ ಮಾಡುತ್ತಿದ್ದಳು. ಸುತ್ತಲ ಹಳ್ಳಿಗಳ ಹುಟ್ಟುಹಬ್ಬ, ಗೆಲುವು, ಶ್ರದ್ಧಾಂಜಲಿ ಎಲ್ಲವೂ ಅವಳ ಬೆರಳಿನಿಂದ ಹೊರಬೀಳುತ್ತಿದ್ದವು. ಯಾರ ತಲೆಗೆ ಕಿರೀಟ ಇಡಬೇಕು, ಯಾರ ಹಿಂದೆ ಸಿಂಹ ನಿಲ್ಲಿಸಬೇಕು, ಯಾವ ಸತ್ತವರ ಸುತ್ತ ಹೂವು ಸುರಿಸಬೇಕು ಎಂಬುದೆಲ್ಲ ಅವಳಿಗೆ ಗೊತ್ತಿತ್ತು. ಒಂದು ಮಧ್ಯಾಹ್ನ ಅವಳು ಅಂಗಡಿಯ ಹಿಂದೆ ಹೋಗಿ ತಾಯಿಗೆ ಫೋನು ಮಾಡಿದಳು.

"ಅವ್ವಾ, ಎಲ್ಲಿ ಅದೀ?"

"ಕಬ್ಬಿನ್ಯಾಗ. ಮತ್ತೆಲ್ಲಿ ಇರ್ಲಿ?"

"ರೋಹನ ಜೈಲಿನಿಂದ ಹೊರಗ ಬಂದಾನ. ಅವನ ಫ್ಲೆಕ್ಸ ನನ್ನ ಕಂಪ್ಯೂಟರನ್ಯಾಗ ಐತಿ."

ಸುಂದರಾ ಕೊಯ್ತಾ ಕೆಳಗಿಟ್ಟಳು. ಸಾರಿಕಾ ಉಳಿದದ್ದನ್ನು ಒಂದೇ ದನಿಯಲ್ಲಿ ಹೇಳಿದಳು. ಜಾಮೀನು ಸಿಕ್ಕಿದೆ. ಸಂಜೆ ಮೆರವಣಿಗೆ ಇದೆ. ‘ಹುಲಿ ಮರಳಿ ಬಂತು, ಹಾರ್ದಿಕ ಸ್ವಾಗತ’ ಎಂದು ಬರೆಯಬೇಕಂತೆ. ಪಕ್ಕದಲ್ಲಿ ನಿಜವಾದ ಹುಲಿ ಬೇಕಂತೆ. ಜೈಲಿನಲ್ಲಿ ಮುಖ ಕಪ್ಪಗಾಗಿದೆ, ಬೆಳ್ಳಗೆ ಮಾಡು ಎಂದಿದ್ದಾರೆ. ಬೇರೆಯವರಿಗೆ ಕೊಡಿ ಎಂದು ಪಾರಿಸನನ್ನು ಕೇಳಿದಳಂತೆ, ಬೇರೆಯವರು ಯಾರಿದ್ದಾರೆ ಎಂದನಂತೆ.

ಸುಂದರಾ ಕೊಯ್ತಾವನ್ನು ಮತ್ತೆ ಕೈಗೆತ್ತಿಕೊಂಡಳು. ಆಮೇಲೆ ಹೇಳಿದಳು, "ಮಾಡ. ನಾ ಅವರ ಕಬ್ಬ ಕಡದೇನಿ, ನೀ ಅವನ ಮೀಸಿ ತಿದ್ದು."

ಸಂಜೆ ಪಟಾಕಿ ಹಾರಿದವು. ಡಿಜೆಯ ಸದ್ದಿಗೆ ಮನೆಯ ತಗಡು ನಡುಗಿತು. ತೆರೆದ ಜೀಪಿನಲ್ಲಿ ನಿಂತು ರೋಹನ ಊರೆಲ್ಲ ಸುತ್ತಿದ. ಓಣಿಯ ಬಾಯಿಗೆ ಬಂದು ಜೀಪು ನಿಂತಿತು. ಹುಡುಗರು ಇಳಿದು ಸುಂದರಾಳ ಬಾಗಿಲಿಗೆ ಮುಷ್ಟಿ ಮುಷ್ಟಿ ಗುಲಾಲು ಎರಚಿದರು. ಹಗ್ಗದ ಮೇಲೆ ಒಣಗುತ್ತಿದ್ದ ಬಿಳಿ ಸೀರೆ ಕೆಂಪಾಯಿತು.

"ಸುಂದ್ರೀ, ಕೈ ಕೂಡೇತೇನ?" ಎಂದು ರೋಹನ ಜೀಪಿನ ಮೇಲಿಂದಲೇ ಕೇಳಿದ. ಜೊತೆಗಿದ್ದವರು ನಕ್ಕರು.

ಸುಂದರಾ ಹೊಸ್ತಿಲಲ್ಲಿ ನಿಂತಿದ್ದಳು. ಸಾರಿಕಾ ಚಿಕ್ಕೋಡಿಯಿಂದ ಬರುವ ಬಸ್ಸು ಇನ್ನೂ ಬಂದಿರಲಿಲ್ಲ. ಬಸ್ಸಿಳಿದು ಇದೇ ಮೆರವಣಿಗೆಯ ನಡುವೆ ಮಗಳು ಒಬ್ಬಳೇ ನಡೆದು ಬರಬೇಕಿತ್ತು. ಆ ಹೊತ್ತು ಅವಳಿಗೆ ಬಂದದ್ದು ಬರೀ ಹೆದರಿಕೆ. ಸಾರಿಕಾ ಬಂದು ಒಳಗೆ ಕಾಲಿಟ್ಟ ಮೇಲೆ ಸಿಟ್ಟು ಬಂತು. ಬಾಗಿಲು ತೊಳೆಯಲು ಸಾರಿಕಾ ಬಕೀಟು ತಂದಳು. ಸುಂದರಾ ಅದನ್ನು ಕಿತ್ತುಕೊಂಡು ನೀರನ್ನು ಗಟಾರಕ್ಕೆ ಚೆಲ್ಲಿದಳು. ಇರಲಿ ಬಿಡು, ನಾಲ್ಕು ಜನ ನೋಡಲಿ ಎಂದಳು.

ಮರುದಿನ ನಿಪ್ಪಾಣಿಯಿಂದ ವಕೀಲೆ ಉಜ್ವಲಾ ಬಂದಳು. ಓಣಿಯವರ ಪರವಾಗಿ ಕೇಸು ನೋಡುತ್ತಿದ್ದವಳು. ಸ್ಕೂಟಿ ನಿಲ್ಲಿಸಿ, ಗುಲಾಲಿನ ಬಾಗಿಲನ್ನು ನಾಲ್ಕು ಕಡೆಯಿಂದ ಫೋಟೋ ಹೊಡೆದುಕೊಂಡು, ಆಮೇಲೆ ಒಳಗೆ ಬಂದು ಕೂತಳು. ಇಂಥ ಕೇಸಿನಲ್ಲಿ ಆರೋಪಿ ಜಾಮೀನು ಕೇಳಿದರೆ ಯಾರಿಗೆ ಏಟು ಬಿದ್ದಿದೆಯೋ ಅವರಿಗೆ ಮೊದಲೇ ತಿಳಿಸಬೇಕು, ಅವರ ಮಾತು ಕೇಳಬೇಕು, ಅದು ಕಾನೂನು ಎಂದು ಬಿಡಿಸಿ ಹೇಳಿದಳು. ತಿಳಿಸುವ ಕೆಲಸ ಪೊಲೀಸರದು. ಅವರು ತಿಳಿಸಲಿಲ್ಲ. ಹುಡುಕಿದೆವು, ಸಿಗಲಿಲ್ಲ ಎಂದು ವರದಿ ಕೊಟ್ಟರು. ಆ ವರದಿ ನಂಬಿ ಕೋರ್ಟು ಜಾಮೀನು ಕೊಟ್ಟಿತು.

ವರದಿಯನ್ನು ಉಜ್ವಲಾ ಓದಿದಳು. ಕೆಂಚವ್ವನ ಹೆಸರು ಬಂದಾಗ, ಬಾಗಿಲಲ್ಲಿ ಕೂತಿದ್ದ ಕೆಂಚವ್ವ ಕತ್ತೆತ್ತಿದಳು. ಎಪ್ಪತ್ತು ದಾಟಿದ ಮುದುಕಿ. ಎಲೆ ಅಡಿಕೆ ಬಾಯಲ್ಲಿಟ್ಟುಕೊಂಡೇ ಓಣಿಯಲ್ಲಿ ಹೋಗಿಬರುವವರನ್ನೆಲ್ಲ ವಿಚಾರಿಸುವವಳು. ಅದನ್ನು ಇನ್ನೊಮ್ಮೆ ಓದಿಸಿದಳು.

"ಇದ ನನ್ನ ಮಾತ ಅಲ್ಲ," ಎಂದಳು. "ನಾ ಏನ ಹೇಳಿದ್ರೂ ಇಷ್ಟ ಸಣ್ಣದರಾಗ ಮುಗಸೂದಿಲ್ಲ."

ಉಜ್ವಲಾಳಿಗೆ ನಗು ಬಂತು. ಆದರೆ ಇದು ಕಷ್ಟದ ಮಾತು ಎಂದಳು. ಸುಂದರಾ ಊರಲ್ಲೇ ಇದ್ದಳು ಎಂದು ನಾವು ಹೇಳುತ್ತೇವೆ, ಇರಲಿಲ್ಲ ಎಂದು ಪೊಲೀಸರು ಹೇಳುತ್ತಾರೆ. ಪೊಲೀಸರ ಕಾಗದಕ್ಕೆ ಮುದ್ರೆಯಿದೆ. ಪೊಲೀಸರೇ ತಿರುಗಿ ಇದ್ದಳು ಎಂದು ಬರೆದರೆ ಬೇರೆ ಮಾತು. ಅವರು ಯಾಕೆ ಬರೆಯುತ್ತಾರೆ?

ಸುಂದರಾ ಆ ರಾತ್ರಿ ಊಟ ಮಾಡುತ್ತ ಒಬ್ಬಳೇ ನಕ್ಕಳು. ಸಾರಿಕಾ ಯಾಕೆ ಎಂದು ಕೇಳಿದಳು. "ನಾ ಕಳದೇನಂತ," ಎಂದಳು ಸುಂದರಾ. "ಕಳದವರನ್ನ ಹುಡಕೂದ ಯಾರ ಕೆಲಸ?"

ಬೆಳಗ್ಗೆ ಇಬ್ಬರೂ ಕೆಂಚವ್ವನನ್ನು ಕರೆದುಕೊಂಡು ಠಾಣೆಗೆ ಹೋದರು. ಸುಂದರಾ ಮತ್ತು ಸಾರಿಕಾ ಗೋಡೆಯ ಬದಿಯ ಬೆಂಚಿನ ಮೇಲೆ ಕೂತರು. ಕೆಂಚವ್ವ ಮುಂದೆ ಹೋಗಿ, ನಮ್ಮ ಓಣಿಯ ಹೆಣ್ಣುಮಗಳೊಬ್ಬಳು ಕಾಣೆಯಾಗಿದ್ದಾಳೆ, ಬರೆದುಕೊಳ್ಳಿ ಎಂದಳು. ಬರೆಯುವ ಹವಾಲ್ದಾರ ಹೊಸಬ, ಈಚೆಗೆ ವರ್ಗವಾಗಿ ಬಂದವನು. ಕಾಗದ ಎಳೆದುಕೊಂಡ. ವಯಸ್ಸು ಕೇಳಿದ. ಕೆಂಚವ್ವ ಹಿಂದಕ್ಕೆ ತಿರುಗಿ ಬೆಂಚಿನ ಕಡೆ ನೋಡಿದಳು. ಸುಂದರಾ ನಲವತ್ತು ಎಂದಳು. ಕೆಂಚವ್ವ ನಲವತ್ತು ಎಂದಳು. ಎತ್ತರ ಕೇಳಿದ. ಕೆಂಚವ್ವ ಮತ್ತೆ ತಿರುಗಿದಳು. ಸುಂದರಾ ಎದ್ದು ಗೋಡೆಗೆ ಬೆನ್ನು ಹಚ್ಚಿ ನಿಂತಳು.

"ಆಕಿಯಷ್ಟ ರೀ," ಎಂದಳು ಕೆಂಚವ್ವ.

ಹವಾಲ್ದಾರ ಅಳತೆ ಅಂದಾಜು ಮಾಡಿ ಬರೆದುಕೊಂಡ. ಸೀರೆಯ ಬಣ್ಣ ಕೇಳಿದ. ಅದೇ ಬಣ್ಣ ಎಂದಳು. ಗುರುತು ಏನಾದರೂ ಇದೆಯಾ ಎಂದು ಕೇಳಿದ.

"ಎಡಗೈ ಮುರದೈತ್ರಿ. ಮುರದಾಂವ ಊರಾಗ ಅದಾನ. ಮುರಿಸ್ಕೊಂಡಾಕಿ ಸಿಗವಲ್ಲಳು."

ಆಗ ಹವಾಲ್ದಾರನ ಪೆನ್ನು ನಿಂತಿತು. ಒಳಗಿನಿಂದ ಠಾಣೆಯ ಮೇಲಧಿಕಾರಿ ಫೌಜದಾರ ಬಂದ. ಅವನ ಹಿಂದೆ ನಿಲೇಶನೂ ಬಂದ. ಸುಂದರಾಳನ್ನು ನೋಡಿ ನಿಲೇಶ ಗೋಡೆಯ ಕ್ಯಾಲೆಂಡರು ಓದತೊಡಗಿದ. ಇದೇನು ನಾಟಕ ಎಂದು ಫೌಜದಾರ ಕೇಳಿದ.

ಸುಂದರಾ ಎದ್ದು ಹೋಗಿ ಮೇಜಿನ ಮುಂದೆ ನಿಂತಳು. "ಸಾಹೇಬ್ರ, ನಾ ಪತ್ತೆ ಇಲ್ಲ ಅಂತ ನೀವ ಬರದೀರಿ. ಈಗ ಸಿಕ್ಕೇನಿ ಅಂತ ಬರದ ಕೊಡ್ರಿ. ಮನಿಗೆ ಹೋಗ್ತೇನಿ."

ಫೌಜದಾರ ಮೊದಲು ನಕ್ಕ. ಆಮೇಲೆ ಕಾಗದ ಹರಿದ. ಸರಕಾರಿ ಕೆಲಸಕ್ಕೆ ಅಡ್ಡಿ ಮಾಡಿದರೆ ನಿಮ್ಮ ಮೇಲೂ ಕೇಸು ಹಾಕುತ್ತೇನೆ, ಆ ಹುಡುಗಿಯ ನೌಕರಿ ಹೋಗುತ್ತದೆ ಎಂದು ಸಾರಿಕಾಳ ಕಡೆ ಬೆರಳು ತೋರಿಸಿದ. ಹೊರಗೆ ಹಾಕು ಇವರನ್ನು ಎಂದು ನಿಲೇಶನಿಗೆ ಹೇಳಿದ. ನಿಲೇಶ ಕೆಂಚವ್ವನ ರಟ್ಟೆ ಹಿಡಿದ. ಮುದುಕಿ ಮೆಟ್ಟಿಲಲ್ಲಿ ಎಡವಿದಳು, ಎಲೆ ಅಡಿಕೆಯ ಚೀಲ ಬಿತ್ತು. ಯಾರೂ ಎತ್ತಿಕೊಡಲಿಲ್ಲ. ಸುಂದರಾ ಬಗ್ಗಿ ಎತ್ತಿಕೊಂಡಳು. ಆ ಕ್ಷಣ ಅವಳು ನಗುತ್ತಿರಲಿಲ್ಲ.

ಬಸ್ಸು ಊರು ಸಮೀಪಿಸಿದಾಗ ಬಸ್‌ಸ್ಟ್ಯಾಂಡಿನಲ್ಲಿ ರೋಹನ ಮತ್ತು ಅವನ ಹುಲಿ ಕಾಣಿಸಿದರು. ಬೆಳ್ಳಗಿನ ಮುಖ, ಕಪ್ಪು ಕನ್ನಡಕ, ಆಳೆತ್ತರದ ಅಕ್ಷರ. ಸುಂದರಾ ಮಗಳ ಮೊಣಕೈ ತಿವಿದಳು. ನನಗೊಂದು ಹಿಂಗೇ ಮಾಡಿಕೊಡು ಎಂದಳು.

ಫೋಟೋ ತೆಗೆಯುವಾಗ ಕಾಣೆಯಾದವರು ನಗಬಾರದು ಎಂದು ಸಾರಿಕಾ ಹೇಳಿದಳು. ಸುಂದರಾ ಕೊಯ್ತಾ ಹೆಗಲಿಗಿಟ್ಟು ಹಲ್ಲೆಲ್ಲ ಕಾಣುವಂತೆ ನಕ್ಕಳು. ಸಾರಿಕಾ ಮುಖ ಬೆಳ್ಳಗೆ ಮಾಡಲಿಲ್ಲ. ರೋಹನನ ಪಕ್ಕದ ಹುಲಿಯನ್ನು ಮಾತ್ರ ಎತ್ತಿ ತಂದು ಅವ್ವನ ಪಕ್ಕ ಕೂರಿಸಿದಳು. ಮೇಲೆ ದೊಡ್ಡ ಅಕ್ಷರ: ಕಾಣೆಯಾಗಿದ್ದಾರೆ. ಕೆಳಗೆ: ಹೊನ್ನಂಬಿಯ ಸುಂದರಾ ಕಾಂಬಳೆ. ಮನೆ, ಹೊಲ, ಕಿರಾಣಿ ಅಂಗಡಿ, ಹಿಟ್ಟಿನ ಗಿರಣಿ ಎಲ್ಲ ಕಡೆ ಇದ್ದರೂ ಪೊಲೀಸರಿಗೆ ಸಿಗುತ್ತಿಲ್ಲ. ಕೈ ಮುರಿದವನಿಗೆ ಜಾಮೀನು ಸಿಕ್ಕ ಸುದ್ದಿಯನ್ನು ಅವರಿಗೆ ತಿಳಿಸಬೇಕಾಗಿದೆ. ಕಂಡವರು ದಯಮಾಡಿ ಠಾಣೆಗೆ ಫೋನು ಮಾಡಿರಿ. ಅದರ ಕೆಳಗೆ ಠಾಣೆಯ ನಂಬರು.

ಪಾರಿಸ ಅದನ್ನು ಪರದೆಯ ಮೇಲೆ ಓದಿದ. ರಾವಸಾಹೇಬ ದೊಡ್ಡ ಗಿರಾಕಿ. ಪ್ರತಿ ಹಬ್ಬಕ್ಕೂ ಫ್ಲೆಕ್ಸು ಹಾಕಿಸುವವನು. ಪಾರಿಸ ಎದ್ದು ಹೊರಗೆ ಹೋಗಿ ಬಂದ. ಮತ್ತೊಮ್ಮೆ ಓದಿದ. ‘ಹಿಟ್ಟಿನ ಗಿರಣಿ’ಗೆ ಬರುವಷ್ಟರಲ್ಲಿ ನಗುವಿಗೆ ಅವನ ಹೊಟ್ಟೆ ಕುಲುಕತೊಡಗಿತ್ತು. ಕನ್ನಡಕ ತೆಗೆದು ಕಣ್ಣೊರೆಸಿಕೊಂಡ. ತುದಿಯಲ್ಲಿ ಅಂಗಡಿಯ ಹೆಸರೊಂದು ಹಾಕಬೇಡ, ತಂಗೀ ಎಂದ.

ಓಣಿಯ ಗಂಡಸರು ಅದನ್ನು ರೋಹನನ ಫ್ಲೆಕ್ಸಿನ ಮಗ್ಗುಲಲ್ಲೇ ಕಟ್ಟಿದರು. ಸುಂದರಾ ಕೆಲಸ ಮುಗಿಸಿ ಬಂದು ಅದರ ಕೆಳಗಿನ ಕಟ್ಟೆಯ ಮೇಲೆ ಕೂತು ಶೇಂಗಾ ತಿನ್ನತೊಡಗಿದಳು.

ಮೊದಲು ಫೋನು ಮಾಡಿದವನು ಬಸ್ಸಿನ ಕಂಡಕ್ಟರ. ಕಳೆದುಹೋದವಳು ಶೇಂಗಾ ತಿನ್ನುತ್ತಿದ್ದಾಳೆ, ಬಸ್ಸು ಹತ್ತಿಸಿಕೊಂಡು ತರಲೇ ಎಂದು ಕೇಳಿದ. ಆಮೇಲೆ ಚಹಾದ ಅಂಗಡಿಯವನು. ಆಮೇಲೆ ಗಿರಣಿಯವನು, ಆಕೆಯ ಹಿಟ್ಟು ಇಲ್ಲೇ ಉಳಿದಿದೆ ಎಂದು. ಯಾರೋ ಫೋಟೋ ಹೊಡೆದು ವಾಟ್ಸಾಪಿಗೆ ಬಿಟ್ಟರು. ಅಲ್ಲಿಂದ ಏಕಸಂಬಿ, ನಿಪ್ಪಾಣಿ, ರಾಯಬಾಗ. ಕಾಗವಾಡದ ಮಾಸ್ತರರೊಬ್ಬರು ಫೋನು ಮಾಡಿ ಫ್ಲೆಕ್ಸಿನಲ್ಲಿ ಕಾಗುಣಿತ ಸರಿಯಿದೆ, ನಿಮ್ಮ ತನಿಖೆ ಸರಿಯಿಲ್ಲ ಎಂದು ಹೇಳಿದರಂತೆ. ಅಥಣಿಯ ಒಬ್ಬ ಗಾಬರಿಯಾಗಿ, ನನ್ನ ಹೆಂಡತಿಯ ಹೆಸರೂ ಸುಂದರಾ, ಆದರೆ ಅವಳು ಕಳೆದಿಲ್ಲ, ದಯವಿಟ್ಟು ಕರೆದೊಯ್ಯಬೇಡಿ ಎಂದನಂತೆ. ಮರುದಿನವೂ ಠಾಣೆಯ ಫೋನು ನಿಲ್ಲಲಿಲ್ಲ. ಇವೆಲ್ಲ ಆ ಹೊಸ ಹವಾಲ್ದಾರನಿಂದಲೇ ಹೊರಗೆ ಬಂದ ಸುದ್ದಿ. ಅವನಿಗೂ ನಗಲು ಯಾರಾದರೂ ಬೇಕಾಗಿತ್ತು.

ಕೊನೆಗೆ ಚಿಕ್ಕೋಡಿಯಿಂದ ಮೇಲಿನ ಸಾಹೇಬರೇ ಫೌಜದಾರನಿಗೆ ಫೋನು ಮಾಡಿ, ಆ ಹೆಂಗಸು ಯಾರು, ಸಿಕ್ಕಳೋ ಇಲ್ಲವೋ ಎಂದು ಕೇಳಿದರು.

ಫೌಜದಾರ ಜೀಪಿನಲ್ಲಿ ಹೊನ್ನಂಬಿಗೆ ಬಂದ. ಜನ ಕೂಡಿತು. ಪಂಚಾಯ್ತಿಯ ಪರವಾನಗಿ ಇಲ್ಲದೆ ಫ್ಲೆಕ್ಸು ಕಟ್ಟಿದ್ದೀರಿ, ಇಳಿಸಿ ಎಂದ. ಸಾರಿಕಾ ಮುಂದೆ ಬಂದಳು. ಮಗ್ಗುಲಿನದಕ್ಕೂ ಪರವಾನಗಿ ಇಲ್ಲ, ಅದನ್ನು ಮಾಡಿದವಳು ನಾನೇ, ಪರವಾನಗಿ ನಂಬರು ಅವರು ಕೊಟ್ಟೇ ಇಲ್ಲ ಎಂದಳು. ಜನ ಫೌಜದಾರನ ಮುಖ ನೋಡಿದರು. ನಾಲ್ಕಾರು ಮೊಬೈಲುಗಳು ಮೇಲೆದ್ದವು. ಅವನು ನಿಲೇಶನಿಗೆ ಕಣ್ಣು ಮಾಡಿದ. ನಿಲೇಶ ಏಣಿ ಹತ್ತಿ ಮೊದಲು ಸುಂದರಾಳನ್ನು ಇಳಿಸಿದ, ಆಮೇಲೆ ರೋಹನನನ್ನು. ರೋಹನ ಇಳಿಯುವಾಗ ಗಾಳಿಗೆ ಮಡಚಿಕೊಂಡು ಗಟಾರಕ್ಕೆ ಬಿದ್ದ.

"ಇಳಿಸಿದ್ಯಾಕ್ರಿ ಸಾಹೇಬ್ರ?" ಎಂದಳು ಸುಂದರಾ.

"ನೀ ಕಳದಿಲ್ಲಲ್ಲ, ಅದಕ್ಕ."

"ಹಂಗಂತ ಬರೀರಿ."

ಫೌಜದಾರ ಅವಳನ್ನೇ ನೋಡಿದ. ಜೇಬಿನಲ್ಲಿ ಫೋನು ಮತ್ತೆ ಬಡಿದುಕೊಂಡಿತು. ಅದನ್ನು ಎತ್ತಲಿಲ್ಲ. ಚಹಾದ ಅಂಗಡಿಯ ಬಾಕಿನ ಮೇಲೆ ಕೂತು ಬರೆದ: ಸುಂದರಾ ಕಾಂಬಳೆ ಹೊನ್ನಂಬಿಯ ತನ್ನ ಮನೆಯಲ್ಲೇ ವಾಸವಾಗಿದ್ದು, ಊರು ಬಿಟ್ಟು ಹೋಗಿರುವುದಿಲ್ಲ. ಸುಂದರಾ ಅದನ್ನು ಮಗಳಿಂದ ಓದಿಸಿಕೊಂಡು, ಸುಗ್ಗಿ ಶುರುವಾದಾಗಿನಿಂದ ಎಂದು ಸೇರಿಸಲು ಹೇಳಿದಳು. ಸೇರಿಸಿದ. ಸಾಕ್ಷಿಗೆ ಕೆಂಚವ್ವ ಹೆಬ್ಬೆಟ್ಟು ಒತ್ತಿದಳು. ಒತ್ತುವ ಮೊದಲು ಅವಳು ಹೇಳಿದ ಮಾತನ್ನೆಲ್ಲ ಬರೆದಿದ್ದರೆ ಇನ್ನೆರಡು ಹಾಳೆ ಬೇಕಾಗುತ್ತಿತ್ತು.

ಉಜ್ವಲಾ ಎರಡೂ ಕಾಗದ, ಜೊತೆಗೆ ಗುಲಾಲಿನ ಬಾಗಿಲಿನ ಫೋಟೋ ಹಿಡಿದು ಕೋರ್ಟಿಗೆ ಅರ್ಜಿ ಹಾಕಿದಳು. ಒಂದೇ ಠಾಣೆಯ ಎರಡು ಕಾಗದ. ಒಂದರಲ್ಲಿ ಇಲ್ಲ, ಒಂದರಲ್ಲಿ ಇದ್ದಾಳೆ. ಜಡ್ಜರು ಫೌಜದಾರನನ್ನು ಕರೆಸಿ ಯಾವುದು ನಿಜ ಎಂದು ಕೇಳಿದರು. ಎರಡೂ ನಿಜ ಎಂದು ಅವನು ಹೇಳಿದನಂತೆ. ವಕೀಲರೆಲ್ಲ ನಕ್ಕರು, ಜಡ್ಜರು ನಗಲಿಲ್ಲ. ಸುಳ್ಳು ವರದಿಯ ಮೇಲೆ ಕೊಟ್ಟ ಜಾಮೀನು ನಿಲ್ಲುವುದಿಲ್ಲ, ರೋಹನನ ಅರ್ಜಿಯನ್ನು ಹೊಸದಾಗಿ ಕೇಳುತ್ತೇನೆ, ಈ ಸಲ ಆ ಹೆಣ್ಣುಮಗಳಿಗೆ ಮುಂಚಿತವಾಗಿ ತಿಳಿಸಿ, ಆಕೆಯ ಕೈಗೇ ಕೊಡಿ ಎಂದರು.

ಆ ಸುದ್ದಿ ಊರಿಗೆ ಬಂದ ಸಂಜೆ ರಾವಸಾಹೇಬನ ಕಾರು ಓಣಿಯ ಬಾಯಲ್ಲಿ ನಿಂತಿತು. ಅವನು ಇಳಿಯಲಿಲ್ಲ. ಗ್ಯಾಂಗಿನ ಮುಖ್ಯಸ್ಥ ಬಾಳಾಸಾಬನನ್ನು ಒಳಗೆ ಕಳಿಸಿದ. ಬಾಳಾಸಾಬ ಟೊಪ್ಪಿಗೆ ತಿರುವುತ್ತ ಕೂತ. ಕೋರ್ಟಿನ ದಿನ ನೀನು ಏಕಸಂಬಿಯ ನೆಂಟರ ಮನೆಗೆ ಹೋಗಿಬಿಡು, ಒಂದು ದಿನದ ಮಾತು, ಮುಂದಿನ ಸುಗ್ಗಿಯಲ್ಲೂ ನಾವು ಅವರ ಹೊಲಕ್ಕೇ ಹೋಗಬೇಕಲ್ಲ ಎಂದ.

"ಬಾಳಾಸಾಬಣ್ಣಾ, ಈಗ ತಾನ ಸಿಕ್ಕೇನಿ," ಎಂದಳು ಸುಂದರಾ. "ಮತ್ತ ಕಳ್ಯಾಕ ನನಗ ಪುರಸೊತ್ತಿಲ್ಲ."

ಹಾಗಾದರೆ ನಾಳೆಯಿಂದ ಗ್ಯಾಂಗಿಗೆ ಬರಬೇಡ ಎಂದು ಬಾಳಾಸಾಬ ಎದ್ದುಹೋದ.

ಅವಳು ಬೆಳಗ್ಗೆ ಹೋದಳು. ಟ್ರ್ಯಾಕ್ಟರು ಹತ್ತಲು ಬಾಳಾಸಾಬ ಬಿಡಲಿಲ್ಲ. ಹತ್ತಿದ್ದ ಹೆಂಗಸರು ಒಬ್ಬೊಬ್ಬರಾಗಿ ಇಳಿದರು. ಯಾರೂ ಘೋಷಣೆ ಕೂಗಲಿಲ್ಲ. ರಸ್ತೆಯ ಬದಿಯಲ್ಲಿ ಕೂತು ಬುತ್ತಿ ಬಿಚ್ಚಿ, ಹೊತ್ತಿಲ್ಲದ ಹೊತ್ತಿನಲ್ಲಿ ರೊಟ್ಟಿ ತಿನ್ನತೊಡಗಿದರು. ಕಾರ್ಖಾನೆಯಿಂದ ಕಬ್ಬೆಲ್ಲಿ ಎಂದು ಫೋನು ಬಂತು. ಮತ್ತೊಂದು ಬಂತು. ಮೂರನೆಯದಕ್ಕೆ ಬಾಳಾಸಾಬ, ಹತ್ತು ಮಾರಾಯ್ತಿ ಎಂದ. ರೊಟ್ಟಿ ಮುಗಿಯಲಿ ತಡಿ ಎಂದಳು ಸುಂದರಾ.

ಅದೇ ವಾರ ನಿಲೇಶ ನೋಟೀಸು ತಂದ. ಗ್ಯಾಂಗು ಹೊಲದ ಆ ತುದಿಯಲ್ಲಿತ್ತು. ನಡುವೆ ಕಡಿಯದ ಕಬ್ಬು ಆಳೆತ್ತರ ನಿಂತಿತ್ತು. ಸುತ್ತಿ ಬರುವ ದಾರಿ ಅವನಿಗೆ ಗೊತ್ತಿರಲಿಲ್ಲ, ಯಾರೂ ಹೇಳಲೂ ಇಲ್ಲ. ಒಳಗೇ ನುಗ್ಗಿ ಬಂದ. ಹೊರಬಿದ್ದಾಗ ಕೆನ್ನೆ, ಕತ್ತು, ಮುಂಗೈಯೆಲ್ಲ ಗೀರು. ಬೆವರು ಇಳಿದು ಗೀರುಗಳು ಉರಿಯುತ್ತಿದ್ದವು. ಆ ಉರಿ ಅಲ್ಲಿದ್ದ ಹೆಂಗಸರಿಗೆಲ್ಲ ದಿನದ್ದು.

ಸಹಿ ಮಾಡು ಎಂದು ಕಾಗದ ಚಾಚಿದ. ಸುಂದರಾ ತೆಗೆದುಕೊಳ್ಳಲಿಲ್ಲ.

"ಓದಿ ಹೇಳ. ಎಲ್ಲಾರಿಗೂ ಕೇಳ್ಲಿ."

ಅವನು ಗೊಣಗುತ್ತ ಓದಿದ. ಜೋರಾಗಿ ಓದು ಎಂದಳು. ಜೋರಾಗಿ ಓದಿದ. ಹೆಂಗಸರು ಕೊಯ್ತಾ ನಿಲ್ಲಿಸಿದರು. ಯಾವ ಕೋರ್ಟು, ಯಾವ ವಾರ, ಯಾವ ಹೊತ್ತು, ಯಾರ ಅರ್ಜಿ ಎಲ್ಲ ಕಬ್ಬಿನ ನಡುವೆ ಕೇಳಿಸಿತು. ‘ಸಂತ್ರಸ್ತೆಯು ತನ್ನ ಅಹವಾಲನ್ನು ಖುದ್ದಾಗಿ ಹೇಳಿಕೊಳ್ಳಬಹುದು’ ಎಂಬಲ್ಲಿ ಅವನು ನಿಧಾನವಾದ. ಸುಂದರಾ ಆ ಸಾಲನ್ನು ಮತ್ತೊಮ್ಮೆ ಓದಿಸಿದಳು. ಆಮೇಲೆ ಕೈಯ ಮಣ್ಣು ಸೀರೆಗೆ ಒರೆಸಿ, ಬಗ್ಗಿದ ಒಬ್ಬ ಹೆಂಗಸಿನ ಬೆನ್ನಿನ ಮೇಲೆ ಕಾಗದವಿಟ್ಟು ಒಂದೊಂದೇ ಅಕ್ಷರ ಕೂಡಿಸಿ ಸಹಿ ಮಾಡಿದಳು.

ಕೋರ್ಟಿನ ದಿನ ಅವಳು ಬಿಳಿ ಸೀರೆ ಉಟ್ಟಳು. ಎಷ್ಟು ಒಗೆದರೂ ಗುಲಾಲು ಪೂರ್ತಿ ಹೋಗಿರಲಿಲ್ಲ, ಸೆರಗು ನಸುಗೆಂಪಾಗಿತ್ತು. ರೋಹನ ಆ ಕಡೆ ನಿಂತಿದ್ದ. ಕನ್ನಡಕ ಇರಲಿಲ್ಲ. ಅವನ ವಕೀಲರು ಬಹಳ ಹೊತ್ತು ಮಾತಾಡಿದರು. ಹುಡುಗನ ವಯಸ್ಸು, ಮನೆತನ, ಭವಿಷ್ಯ. ಈ ಹೆಂಗಸು ಇಲ್ಲಿ ಬಂದು ಮಾತಾಡುವ ಅಗತ್ಯವೇ ಇಲ್ಲ, ಸರಕಾರಿ ವಕೀಲರಿದ್ದಾರೆ ಎಂದರು. ಜಡ್ಜರು ಸುಂದರಾಳ ಕಡೆ ತಿರುಗಿ, ಏನು ಹೇಳುವುದಿದೆ ಎಂದು ಕೇಳಿದರು.

ದಾರಿಯುದ್ದಕ್ಕೂ ಜೋಡಿಸಿಕೊಂಡು ಬಂದಿದ್ದ ಚುರುಕು ಮಾತೆಲ್ಲ ಅವಳಿಗೆ ಮರೆತುಹೋಗಿತ್ತು.

"ಇಂವಾ ಹೊರಗ ಬರೂದ ಮೊದಲ ಗೊತ್ತಾಗಿದ್ರ ನಾ ಮಗಳನ್ನ ಒಬ್ಬಾಕಿನ್ನ ಬಸ್ಸಿಗೆ ಕಳಸ್ತಿರಲಿಲ್ರಿ," ಎಂದಳು. "ಓಣ್ಯಾಗಿನವರನ್ನ ಬಾಗಿಲದಾಗ ಕುಂಡರಸ್ತಿದ್ದೆ. ನನಗ ಹೇಳಿದ್ದ ಪೊಲೀಸರಲ್ಲ, ಅವನ ಫ್ಲೆಕ್ಸ. ಅಂಜಿಕಿ ಐತ್ರಿ ನನಗ. ಇಲ್ಲ ಅಂತ ಯಾಕ ಹೇಳ್ಲಿ. ಕೈ ಮುರದಾಗ ನೋವಾತು. ಕೇಳದ ಬಿಟ್ರಲ್ಲಾ, ಆಗ ಸಿಟ್ಟ ಬಂತು. ಇಂವನ್ನ ಬಿಡ್ರಿ ಅಥವಾ ಬಿಡಬ್ಯಾಡ್ರಿ, ನನ್ನ ಕಣ್ಣ ಮುಂದ ಮಾಡ್ರಿ. ಬಿಟ್ರ ನನ್ನ ಬಾಗಿಲಾ ಒಮ್ಮೆ ನೋಡಿ ಬಿಡ್ರಿ."

ಜಡ್ಜರು ಬಾಗಿಲಿನ ಫೋಟೋ ತೆಗೆದು ನೋಡಿದರು. ಸ್ವಲ್ಪ ಹೊತ್ತು ಬರೆದರು. ಆಮೇಲೆ ಜಾಮೀನು ಇಲ್ಲ ಎಂದರು. ವರದಿ ಬರೆದವರ ಮೇಲೆ ವಿಚಾರಣೆ ಆಗಲಿ ಎಂದೂ ಹೇಳಿದರು. ಮಾತು ಅಷ್ಟೇ. ಪೊಲೀಸರು ರೋಹನನ ರಟ್ಟೆ ಹಿಡಿದರು. ಅವನು ತಂದೆಯನ್ನು ನೋಡಿದ. ರಾವಸಾಹೇಬ ಫೋನು ಕಿವಿಗೆ ಹಚ್ಚಿಕೊಂಡು ಹೊರಗೆ ಹೊರಟಿದ್ದ.

ನಿಮ್ಮದು ಮುಗಿಯಿತು, ಹೊರಡಿ ಎಂದು ಕೋರ್ಟಿನ ಪಟ್ಟೆವಾಲಾ ಹೇಳಿದ. ಸುಂದರಾ ಕದಲಲಿಲ್ಲ. ಮುಂದಿನ ತಾರೀಖು ಯಾವುದು ಎಂದು ಜಡ್ಜರನ್ನೇ ಕೇಳಿದಳು. ವಕೀಲರು ತಿರುಗಿ ನೋಡಿದರು. ಜಡ್ಜರು ತಾರೀಖು ಹೇಳಿದರು. ಅವಳು ಅದನ್ನು ಗಟ್ಟಿಯಾಗಿ ತಿರುಗಿ ಹೇಳಿದಳು. ಹೌದು ಎಂದರು. ಆಗ ಹೊರಟಳು.

ಹೊರಗೆ ಉಜ್ವಲಾ ಹೋಟೆಲಿನಲ್ಲಿ ಮಿಸಳ ತಿನ್ನಿಸುತ್ತೇನೆ ಎಂದಳು. ವರಾಂಡದ ಮೂಲೆಯಲ್ಲಿ ಒಬ್ಬ ಹೆಂಗಸು ಗೋಡೆಗೆ ಒರಗಿ ಕೂತಿದ್ದಳು. ಬೆಳಗ್ಗೆ ಬಂದಾಗಲೂ ಅಲ್ಲೇ ಕೂತಿದ್ದಳು. ರಾಯಬಾಗದ ಆಚೆಯ ಹಳ್ಳಿಯವಳಂತೆ. ಹಣೆಯ ಮೇಲೆ ಹೊಲಿಗೆಯ ಗುರುತಿತ್ತು. ಒಳಗೆ ಮಾತಾಡಿದವಳು ನೀನೇ ಏನು, ನಿನ್ನ ತಾರೀಖು ನಿನಗೆ ಹೇಗೆ ಗೊತ್ತಾಯಿತು ಎಂದು ಸುಂದರಾಳನ್ನು ಕೇಳಿದಳು. ತನ್ನ ಕೇಸಿನ ದಿನವನ್ನು ಯಾರೂ ಹೇಳುವುದಿಲ್ಲ. ಠಾಣೆಯಲ್ಲಿ ಕೇಳಿದರೆ ನಾವೇ ತಿಳಿಸುತ್ತೇವೆ ಎನ್ನುತ್ತಾರೆ. ಅದಕ್ಕೆ ಬಂದು ಕೂರುತ್ತೇನೆ, ಯಾವತ್ತಾದರೂ ನನ್ನ ಹೆಸರು ಕರೆಯಬಹುದು ಎಂದಳು.

ಸುಂದರಾ ಅವಳ ಪಕ್ಕ ನೆಲದ ಮೇಲೆ ಕೂತಳು. ಹೆಸರು ಕೇಳಿದಳು. ಸಾವಿತ್ರೆವ್ವ ಎಂದಳು. ಊರು ಕೇಳಿದಳು, ಠಾಣೆ ಯಾವುದೆಂದು ಕೇಳಿದಳು. ಊರ ಬಸ್ಸು ನಿಲ್ಲುವಲ್ಲಿ ಎರಡು ಕಂಬ ಇವೆಯೇ ಎಂದೂ ಕೇಳಿದಳು. ಇವೆ ಎಂದಳು ಸಾವಿತ್ರೆವ್ವ, ಏನೂ ಅರ್ಥವಾಗದೆ.

"ಅವ್ವಾ, ಬಸ್ಸ ಹೋಗತೈತಿ," ಎಂದಳು ಸಾರಿಕಾ.

"ಹೋಗ್ಲಿ ಬಿಡ. ಫೋನ ತಗಿ," ಎಂದು ಸುಂದರಾ ಸಾವಿತ್ರೆವ್ವನ ಸೆರಗು ಸರಿಪಡಿಸಿದಳು. "ಇವರದೊಂದ ಚಂದನ್ನ ಫೋಟೋ ಹೊಡಿ."